ಲೋಟದ ಲಾರಿ

ಮೊಂಡಿ,

ನಾವು ಮಾತು ಬಿಟ್ಟು ಎಷ್ಟೋ ವರ್ಷವಾಯಿತು; ಇದನ್ನೂ ಕಳಿಸುವುದಿಲ್ಲ. ಗೋದಾಮಿನ ಕ್ರೇನ್, ಲಾರಿಗಳ ಕೆಲಸಗಳನ್ನು ಹೊಂದಿಸಲು ನಾವಿಬ್ಬರೂ ಬರೆದಿದ್ದ ಹಳೆಯ ಪ್ರೋಗ್ರಾಮಿನ ನಿಯಮಗಳನ್ನು ಇವತ್ತು ಮತ್ತೆ ಗಣಿತದ ಮಾದರಿಯಲ್ಲಿ ಪರೀಕ್ಷಿಸಿದೆವು. ಕ್ಯಾಂಟೀನಿನಲ್ಲಿ ಉಪ್ಪಿನ ಡಬ್ಬಿಯನ್ನು ಕ್ರೇನ್ ಮಾಡಿ, ನನ್ನ ಲೋಟವನ್ನು ಲಾರಿ ಮಾಡಿ ನೀನು ಆಡಿಸುತ್ತಿದ್ದೆಯಲ್ಲ, ಅವೇ ನಿಯಮಗಳು.

ಹೊಸದಾಗಿ ಸೇರಿದವಳು, "ಇದ್ಯಾಕೆ ಬೇಕು ಮೇಡಂ?" ಎಂದು ನೀನು ಬರೆದ ಒಂದು ಸಾಲನ್ನು ತೆಗೆದಳು. ಕಂಪ್ಯೂಟರ್ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ಎಡವಟ್ಟನ್ನು ತೋರಿಸಿತು: ಲಾರಿ ಸರಿಯಲೆಂದು ಕ್ರೇನ್, ಕ್ರೇನ್ ಸರಿಯಲೆಂದು ಲಾರಿ, ಎರಡೂ ನಿಂತಲ್ಲೇ ನಿಂತಿದ್ದವು.

"ಇಬ್ರೂ ಹಟ ಹಿಡಿದ್ರೆ ಲಾರೀನೇ ಹಿಂದೆ ಹೋಗ್ಬೇಕು ಕಣೇ," ಎಂದು ನೀನು ನನ್ನ ಲೋಟ ತಳ್ಳುತ್ತಿದ್ದೆ. "ಯಾವಾಗ್ಲೂ ನಾನೇ ಯಾಕೆ?" ಎಂದು ನಾನು ರೇಗುತ್ತಿದ್ದೆ.

ಲಾರಿಯೇ ಹಿಂದೆ ಸರಿಯಬೇಕೆಂಬ ನಿನ್ನ ಆ ಸಾಲನ್ನು ಮತ್ತೆ ಸೇರಿಸಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಲೋಟವನ್ನು ನಾನೇ ಹಿಂದಕ್ಕೆ ಸರಿಸಿದೆ. ಎದುರಿಗೆ ಉಪ್ಪಿನ ಡಬ್ಬಿಯೊಂದೇ ಇತ್ತು.