ಸದ್ದು ದಾಟದ ಗೋಡೆ

ಅಮ್ಮಾ,

ಈ ಕಾಗದ ನೀನಿರುವಲ್ಲಿಗೆ ತಲುಪುವುದಿಲ್ಲ, ಹಾಗಾಗಿ ಮರ್ಯಾದೆ ಬಿಟ್ಟು ಹೇಳುತ್ತೇನೆ. ಇವತ್ತು ಹನ್ನೆರಡು ಜನ ಮುದುಕ ಮುದುಕಿಯರು ಸೇರಿ ನಿನ್ನ ಮಗಳನ್ನು ಹಿಂಡಿ ಹಿಪ್ಪೆ ಮಾಡಿದರು. ಅವರೆಲ್ಲ ಒಟ್ಟಿಗೆ ಇರಲೆಂದು ಕಟ್ಟುತ್ತಿರುವ ಮನೆಗಳಿಗೆ ನಾನೇ ಆರ್ಕಿಟೆಕ್ಟ್. ದಪ್ಪ ಮಣ್ಣಿನ ಗೋಡೆ, ಫ್ಯಾನೇ ಬೇಡದಷ್ಟು ತಂಪು, ಪಕ್ಕದ ಮನೆಯ ಒಂದು ಸದ್ದೂ ದಾಟುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ.

"ಒಂದೂ ದಾಟಲ್ವಾ?" ಎಂದರು ಹಿಂದೆ ನರ್ಸ್ ಆಗಿದ್ದ ಅಜ್ಜಿ. "ನಾನು ಬಚ್ಚಲಲ್ಲಿ ಜಾರಿ ಬಿದ್ರೆ?"

"ಗೋಡೆಯಲ್ಲಿ ಬೆಲ್ ಇದೆ, ಒತ್ತಬಹುದು."

"ಬೀಳೋದು ಹಾಗಿರಲಿ," ಎಂದರು ಟೈಲರ್ ತಾತ. "ಇವರು ಫೋನಲ್ಲಿ ಮಗನ ಹತ್ರ ಜಗಳ ಆಡಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

"ನಾನೆಲ್ಲಿ ಆಡ್ತೀನಿ? ಆಡೋನು ಅವನು. ಬೇಕಾದ್ರೆ ನೀವೇ ಕೇಳಿ ನೋಡಿ."

"ಕೇಳೋಕೆ ಗೋಡೆ ಬಿಡಬೇಕಲ್ಲ?"

ಕೊನೆಗೆ ಎಲ್ಲರೂ ಕೈಯೆತ್ತಿ ತೀರ್ಮಾನಿಸಿದರು. ಗೋಡೆ ಇರಲಿ, ಅಡುಗೆಮನೆಯ ಕಿಟಕಿಗಳು ಮಾತ್ರ ಎದುರುಬದುರಾಗಿರಬೇಕು. ಅಲ್ಲೇ ಕೂತು ನಕ್ಷೆ ತಿದ್ದಿಕೊಟ್ಟೆ.

ನನ್ನ ಮನೆಗೆ ಬಂದ ಮೇಲೆ ನೀನು ದಿನಾ ಸಂಜೆ ಕೇಳುತ್ತಿದ್ದೆ, "ಇಲ್ಲಿ ಯಾರೂ ಜಗಳ ಆಡಲ್ವೇನೇ?" ನಾನು ಅದನ್ನು ಹೊಗಳಿಕೆ ಎಂದುಕೊಂಡು, ನಿನ್ನ ಕಿಟಕಿಗೆ ಇನ್ನೊಂದು ಪದರ ಗಾಜು ಹಾಕಿಸಿದೆ.