ವಿಳಾಸ ನೋಡದೆ ಬರೆದದ್ದು

ನಮ್ಮ ಮನೆಯ ಮಹಡಿ ಕೋಣೆ,
ಮಾರ್ಚ್ ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಆ ಬೆನ್ನುನೋವು ಈಗಲೂ ಕಾಡುತ್ತದೆಯೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಅಪ್ಪನ ಜೊತೆ ಜಗಳವಾಡಿ ಹೊರಟುಹೋದೆಯಲ್ಲ, ಅವರ ಆ ಕೋಪ ಇಳಿದು ಎಷ್ಟೋ ಕಾಲವಾಯಿತು. ಇಳಿದಿದೆ ಎಂದು ಅವರು ಒಪ್ಪಿಕೊಳ್ಳುವುದಷ್ಟೇ ಬಾಕಿ.

ನಾನೀಗ ಸರ್ಕಾರದ ಸಮೀಕ್ಷೆ ಕಚೇರಿಯಲ್ಲಿದ್ದೇನೆ. ಮನೆಮನೆಗೆ ಹೋಗಿ ಯಾರಿದ್ದಾರೆ, ಏನು ಕೆಲಸ ಎಂದು ಕೇಳಿ ಬರೆದುಕೊಳ್ಳಬೇಕು. ಅದಕ್ಕೂ ಮೊದಲು, ಏಕೆ ಕೇಳುತ್ತಿದ್ದೇವೆ, ಯಾರು ನೋಡುತ್ತಾರೆ, ಯಾವುದಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ ಎಂದು ಓದಿ ಹೇಳಬೇಕು. ಹೆಚ್ಚಿನವರು ಆಕಳಿಸುತ್ತಾರೆ. ಬರೆದುಕೊಂಡದ್ದೆಲ್ಲ ಸೇರುವ ಕಂಪ್ಯೂಟರ್ ಕೋಣೆ ನನ್ನ ಮೇಜಿನ ಪಕ್ಕದಲ್ಲೇ ಇದೆ. ಮಧ್ಯಾಹ್ನದ ಹೊತ್ತು ಅದು ತಣ್ಣಗೆ, ಒಂದೇ ಸಮನೆ ಗುಂಯ್‌ಗುಡುತ್ತಿರುತ್ತದೆ. ದೇಶದ ಜನರೆಲ್ಲ ಒಂದೇ ಚಾಪೆಯ ಮೇಲೆ ಮಲಗಿ ಉಸಿರಾಡುತ್ತಿದ್ದಾರೇನೋ ಎನಿಸುತ್ತದೆ. ಅದರಲ್ಲಿ ನಿನ್ನ ಉಸಿರು ಯಾವುದು ಎಂದು ಕಿವಿಗೊಟ್ಟು ನಿಂತದ್ದೂ ಉಂಟು.

ಅಮ್ಮನದು ಒಂದೇ ಮಾತು: “ಊರವರ ವಿಷಯವೆಲ್ಲ ಇಟ್ಕೊಂಡಿದ್ದೀಯ, ಒಬ್ಬ ಅಣ್ಣನ್ನ ಹುಡುಕೋಕಾಗಲ್ವೇನೆ?” ಹೋದ ವಾರ ಯಾರೂ ಇಲ್ಲದಾಗ ಕುಳಿತು ನಿನ್ನ ಹೆಸರು ಟೈಪು ಮಾಡಿಯೇಬಿಟ್ಟೆ. ಇನ್ನೊಂದು ಗುಂಡಿ ಒತ್ತಿದ್ದರೆ ನಿನ್ನ ವಿಳಾಸ ಕಣ್ಣೆದುರು. ಆಗ ಹೊಲಿಗೆ ಕೆಲಸದ ಒಬ್ಬ ಹೆಂಗಸು ನೆನಪಾದಳು. ಅವಳ ಮನೆಗೆ ಹೋದಾಗ ಕಿಟಕಿ ಮುಚ್ಚಿ, ಮೆಲ್ಲಗೆ ಕೇಳಿದ್ದಳು: “ನಾನಿಲ್ಲಿರೋದು ನನ್ನ ಗಂಡನಿಗೆ ಗೊತ್ತಾಗಲ್ಲ ತಾನೆ? ಅವನ ತಮ್ಮ ನಿಮ್ಮ ಆಫೀಸಲ್ಲೇ ಇದ್ದಾನೆ.” “ಸ್ವಂತ ಕೆಲಸಕ್ಕೆ ಯಾರೂ ತೆಗೆದು ನೋಡೋ ಹಾಗಿಲ್ಲಮ್ಮ” ಎಂದಿದ್ದೆ. ನನ್ನ ಮುಖ ನೋಡಿ, ನಂಬಿ, ವಿಳಾಸ ಬರೆಸಿದಳು. ಆ ತಮ್ಮನಿಗೆ ಮುಚ್ಚಿದ ಬಾಗಿಲು ಈ ತಂಗಿಗೆ ಮಾತ್ರ ಹೇಗೆ ತೆರೆದೀತು? ನಿನ್ನ ಹೆಸರು ಅಳಿಸಿ ಎದ್ದುಬಂದೆ.

ಮರುದಿನ ಮೇಲ್ವಿಚಾರಕಿಗೆ ಎಲ್ಲ ಹೇಳಿದೆ. ಮೊದಲು ಚೆನ್ನಾಗಿ ಬೈದರು, ಆಮೇಲೆ ನೀರು ಕೊಟ್ಟರು. “ವಿಳಾಸ ಕೊಡೋಕಾಗಲ್ಲ. ಆದ್ರೆ ಅರ್ಜಿ ಹಾಕಿ ಕಾಗದ ಕೊಟ್ರೆ ಬೇರೆ ವಿಭಾಗದವರು ವಿಳಾಸ ಅಂಟಿಸಿ ಕಳಿಸ್ತಾರೆ. ಎಲ್ಲಿಗೆ ಹೋಯ್ತು, ತಲುಪ್ತಾ ಅಂತ ಕೇಳಬಾರದು.” ಹಾಗಾಗಿ ಈ ಕಾಗದ ಎಲ್ಲಿಗೆಂದು ನನಗೆ ಹೇಳದೆ ಹೊರಡುತ್ತದೆ. ನೀನಿರುವಲ್ಲಿ ಕಿಟಕಿಯಾಚೆ ಸಮುದ್ರವಿದೆಯೋ, ಬರೀ ಗೋಡೆಯೋ? ನಿದ್ದೆ ಬರುವ ಮುಂಚೆ ದಿನಕ್ಕೊಂದು ಊರಿನಲ್ಲಿ ನಿನ್ನನ್ನು ಕೂರಿಸಿ ನೋಡುತ್ತೇನೆ. ಎಲ್ಲ ಊರಿನಲ್ಲೂ ನೀನು ಸ್ವಲ್ಪ ದಪ್ಪಗಾಗಿರುತ್ತೀಯ.

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣಗಿರು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಮ್ಮನಿಗೆ ಈ ಕಾಗದದ ಸುದ್ದಿ ಹೇಳಿಲ್ಲ. ನೀನು ಉತ್ತರ ಬರೆದರೆ ಅವಳ ಕೈಗೇ ಕೊಡುತ್ತೇನೆ. ಬರೆಯಲು ಮನಸ್ಸಿಲ್ಲದಿದ್ದರೆ ಬೇಡ; ಕಾನೂನು ಬಿಡಲಿಲ್ಲ, ಹುಡುಕಲಾಗಲಿಲ್ಲ ಎಂದು ಹೇಳಿಬಿಡುತ್ತೇನೆ. ಅವಳು ಕಾನೂನನ್ನೇ ಬೈದುಕೊಂಡಿರಲಿ.