ಎರಡು ಸಾವಿರದ ಎಂಟುನೂರು ಸುತ್ತು

ಅಪ್ಪಾ,

ವಿಹಾರ ನೌಕೆಗೆ ನೀವು ಗೊತ್ತುಮಾಡಿದ್ದ ಇಪ್ಪತ್ತಾರು ಇಂಚಿನ ಪ್ರೊಪೆಲ್ಲರನ್ನು ಬಿಚ್ಚಿಸಿ, ಇಪ್ಪತ್ನಾಲ್ಕರದ್ದು ಹಾಕಿಸಿದ್ದೇನೆ. ಬೈಯುವುದಾದರೆ ಬೈಯಿರಿ.

ಆ ನೌಕೆಯ ಮೊದಲ ಟ್ರಯಲ್ ನೆನಪಿದೆಯಾ? ನೀವು ಚುಕ್ಕಾಣಿ ಹಿಡಿದಿದ್ದಿರಿ. ನಾನು ಎಂದಿನಂತೆ ಎಂಜಿನ್ ಸುತ್ತಿನ ಮೀಟರ್ ನೋಡಿ ಮೂರು ಮೂರು ಸಲ ಕೂಗುತ್ತಿದ್ದೆ. ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತು ತಿರುಗಬೇಕಿದ್ದ ಡೀಸೆಲ್ ಎಂಜಿನ್, ಥ್ರಾಟಲ್ ಪೂರ್ತಿ ತಳ್ಳಿದರೂ ಎರಡು ಸಾವಿರದ ನಾನೂರು ದಾಟಲಿಲ್ಲ. ಕಪ್ಪು ಹೊಗೆ ಬೇರೆ. ಅದೂ ಖಾಲಿ ದೋಣಿಯಲ್ಲಿ!

"ಪ್ರೊಪೆಲ್ಲರ್ ದೊಡ್ಡದಾಯ್ತಪ್ಪ, ಎಂಜಿನ್‌ಗೆ ಭಾರ" ಅಂದೆ.

"ದೊಡ್ಡದಿದ್ರೇನೇ ನೀರು ತಳ್ಳೋದು. ನಿನ್ನ ಮೀಟರ್ ಸುಳ್ಳು ಹೇಳುತ್ತೆ" ಅಂದಿರಿ.

ನೀವು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಮರುದಿನ ನಾನು ನಮ್ಮ ದೋಣಿ ವರ್ಕ್‌ಶಾಪಿಗೆ ಬರಲಿಲ್ಲ. ಮತ್ತೆ ಬಂದದ್ದು ನೀವು ತೀರಿಕೊಂಡ ದಿನ.

ಇವತ್ತು ಚುಕ್ಕಾಣಿಯೂ ನನ್ನದೇ, ಮೀಟರೂ ನನ್ನದೇ. ನಿಮ್ಮ ಹಾಗೆ ಖಾಲಿ ದೋಣಿ ಓಡಿಸಲಿಲ್ಲ. ಡೀಸೆಲ್ ಟ್ಯಾಂಕು, ನೀರಿನ ಟ್ಯಾಂಕು ಎರಡನ್ನೂ ತುಂಬಿಸಿದೆ. ಸೋಫಾ ಮೇಲೆಲ್ಲ ಮರಳಿನ ಮೂಟೆಗಳನ್ನು ನೆಂಟರ ಹಾಗೆ ಕೂರಿಸಿದೆ. ಆಮೇಲೆ ಥ್ರಾಟಲ್ ಪೂರ್ತಿ ತಳ್ಳಿದೆ. ಮುಳ್ಳು ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ ನಿಂತಿತು. ಹಿಂದೆ ತಿರುಗಿ ನೋಡಿದೆ, ಹೊಗೆಯ ಸುಳಿವಿಲ್ಲ. ಯಾರು ಸುಳ್ಳು ಹೇಳಿದ್ದು, ಈಗ ಹೇಳಿ.

"ಎರಡು ಸಾವಿರದ ಎಂಟುನೂರು!" ಎಂದು ಮೂರು ಸಲ ಕೂಗಿದೆ.

ಪಕ್ಕದಲ್ಲೇ ನಿಂತಿದ್ದ ನೌಕೆಯ ಮಾಲೀಕರು ಕಿವಿ ಮುಚ್ಚಿಕೊಂಡು, "ಕೇಳಿಸ್ತಮ್ಮಾ, ಯಾಕಿಷ್ಟು ಜೋರು?" ಅಂದರು.

"ನಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದ, ಸರ್" ಅಂದೆ.